ಸ್ಪಿರಿದೋನ್ ದೊಡ್ಡಪ್ಪನಿಗೆ ಸಂದ ಬ್ಯಾಟರಿಗಳು

ಪಾಂತೆಲಿ ಭಾವ ನಮ್ಮೂರಿನ ಸತ್ತವರಿಗೆಲ್ಲ ಕರೆಂಟು ಕೊಟ್ಟ ಮಹಾನುಭಾವರು ಎಂದು ಜನ ಈಗ ಹೇಳಿಕೊಂಡು ತಿರುಗುತ್ತಾರೆ. ಆ ಭಾವನಿಗೆ ಕರೆಂಟು ಕೊಡುತ್ತಿದ್ದವನು ನಾನು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಊರಿನ ಚರಿತ್ರೆಯಲ್ಲಿ ಇಂಥ ಅನ್ಯಾಯಗಳು ನಡೆಯುತ್ತಲೇ ಇರುತ್ತವೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ.

ಭಾವ ಎಂದರೆ ನನ್ನ ಅಕ್ಕ ಸವೇತಳ ಗಂಡ. ರೈಲ್ವೆ ಗೇಟು ಹಾಕಿ ತೆಗೆದು, ಹಾಕಿ ತೆಗೆದು ನಿವೃತ್ತರಾದ ಮೇಲೆ ತಾನು ಹುಟ್ಟಾ ಬಡಗಿ ಇರಬೇಕು ಎಂಬ ಗುಮಾನಿ ಅವರಿಗೆ ಬಂತು. ಈ ಗುಮಾನಿಯನ್ನು ನಂಬಿದವರು ಲೋಕದಲ್ಲಿ ಇನ್ನೊಬ್ಬರೇ, ಅವರ ದೊಡ್ಡಮ್ಮ ಅಗ್ರಿಪಿನ. ಮಕ್ಕಳಿಲ್ಲದ ಈ ಎಂಬತ್ತೊಂದರ ಮುದುಕಿ, ತಾನು ಬದುಕಿರುವಾಗಲೇ ತನ್ನ ಪೊಮಾನ ಮುಗಿಸಿಬಿಡಬೇಕೆಂದು ಹಟ ಹಿಡಿದಿದ್ದರು. ನಮ್ಮ ಕಡೆ ಒಬ್ಬರ ಆತ್ಮದ ಹೆಸರು ಹೇಳಿ ಏನನ್ನು ದಾನ ಕೊಟ್ಟರೂ ಅದು ಆ ಲೋಕದಲ್ಲಿ ಅವರ ಕೈ ಸೇರುತ್ತದೆ. ಅದೇ ಪೊಮಾನ. ಹಿಂದೆ ಉಳಿದವರ ಮೇಲೆ ಭರವಸೆ ಸಾಲದವರು ಮೊದಲೇ ಊಟ ಹಾಕಿ, ತಮ್ಮ ಸಾಮಾನನ್ನು ಮುಂದಾಗಿ ಕಳಿಸಿಕೊಳ್ಳುತ್ತಾರೆ.

"ಅರವತ್ತು ಜನ ಉಣ್ಬೇಕು. ಅರವತ್ತು ಜನಾನೂ ಕೂತ್ಕೊಂಡೇ ಉಣ್ಬೇಕು," ಎಂದರು ದೊಡ್ಡಮ್ಮ. "ಇಲ್ಲಿ ಅವ್ರು ನಿಂತ್ಕೊಂಡು ಉಂಡ್ರೆ ಅಲ್ಲಿ ನಾನು ನಿಂತೇ ಇರ್ಬೇಕಾಗತ್ತೆ ಕಣೋ ಪಾಂತೆಲಿ, ಲೋಕ ಮುಗಿಯೋವರ್ಗೂ. ನನ್ನ ಮೊಣಕಾಲು ನಿಂಗೆ ಗೊತ್ತಲ್ಲ. ಆರು ಮೇಜು, ಹನ್ನೆರಡು ಬೆಂಚು. ಈ ಶನಿವಾರ ಬಿಟ್ಟು ಮುಂದಿನ ಶನಿವಾರಕ್ಕೆ ಆಗ್ಬೇಕು."

ಊಟ ನಡೆಯಬೇಕಾದದ್ದು ಚರ್ಚಿನ ಪಕ್ಕದ ಅವರ ಪ್ಲಮ್ ತೋಟದಲ್ಲಿ. ಹಲಗೆಗಳು ಅಲ್ಲೇ ಬಂದು ಬಿದ್ದವು. ತೋಟಕ್ಕೆ ಹತ್ತಿರದ ಕರೆಂಟು ಎಂದರೆ ನಮ್ಮ ಮನೆಯದು, ಹಾಗಾಗಿ ನಾನೇ ಗೋಡೆಯ ಮೇಲಿಂದ ಉದ್ದದ ವೈರು ಎಳೆದುಕೊಟ್ಟೆ. ಇಲ್ಲಿ ನನ್ನ ಒಂದು ದುರ್ಗುಣ ಹೇಳಬೇಕು. ನಮ್ಮಪ್ಪ ಔರೆಲಿಯನ್ ಮೂವತ್ತು ವರ್ಷ ವಿದ್ಯುತ್ ಸ್ಥಾವರದಲ್ಲಿ ದುಡಿದವರು, ಅರ್ಧ ಜಿಲ್ಲೆಗೆ ಬೆಳಕು ಕೊಟ್ಟವರು. ಮನೆಯಲ್ಲಿ ಮಾತ್ರ ನಮ್ಮ ಹಿಂದೆಯೇ ಬಂದು ದೀಪ ಆರಿಸುತ್ತಿದ್ದರು. ಅಕ್ಕನೂ ನಾನೂ ಎಷ್ಟೋ ಸಲ ತಟ್ಟೆ ತಡಕಾಡಿಕೊಂಡು ಉಂಡಿದ್ದೇವೆ. ಅವರು ಹೋಗಿ ಆರು ವರ್ಷವಾಯಿತು, ಗುಣ ನನ್ನಲ್ಲಿ ಉಳಿಯಿತು. ಅದಕ್ಕೇ ಎರಡನೇ ದಿನ ಗೋಡೆಯಾಚೆ ಗರಗಸ ಕಿರುಚುತ್ತಿದ್ದಾಗ ನಾನು ಮೀಟರ್ ಮುಂದೆ ನಿಂತು, "ಭಾವ, ಮೀಟರ್ರು ಬುಗುರಿ ಆಗೋಗಿದೆ, ಸ್ವಲ್ಪ ನಿಧಾನಕ್ಕೆ ಕೊಯ್ಯಿ" ಎಂದುಬಿಟ್ಟೆ.

ಗರಗಸ ನಿಂತಿತು. ಭಾವ ವೈರನ್ನು ಮೊಳದ ಲೆಕ್ಕದಲ್ಲಿ ಸುತ್ತಿ ತಂದು ನಮ್ಮ ಗೇಟಿಗೆ ನೇತುಹಾಕಿದರು.

"ನಿನ್ನ ಕರೆಂಟು ನಿನ್ನ ಹತ್ರಾನೇ ಇಟ್ಕೋ, ಸಾಂದು. ಸೂರ್ಯ ನಿಮ್ಮಪ್ಪನ ಆಸ್ತಿ ಅಲ್ವಲ್ಲ!"

ಮಾರನೇ ದಿನ ತಿರ್ಗು ಜಿಯು ಪೇಟೆಯಿಂದ ಬಸ್ಸಿನಲ್ಲಿ ಸಾಮಾನು ಬಂತು. ಸೂಟ್‌ಕೇಸಿನ ಹಾಗೆ ಮಡಚುವ ಸೋಲಾರ್ ಪ್ಯಾನೆಲ್, ಕರೆಂಟು ತುಂಬಿಟ್ಟುಕೊಳ್ಳುವ ಒಂದು ಪೆಟ್ಟಿಗೆ, ವೈರಿಲ್ಲದ ಗರಗಸ, ವೈರಿಲ್ಲದ ಡ್ರಿಲ್ಲು, ಇವೆರಡಕ್ಕೂ ಹೊಂದುವ ನಾಲ್ಕು ಬ್ಯಾಟರಿ, ಒಂದು ಸಲಕ್ಕೆ ಎರಡು ಬ್ಯಾಟರಿ ಕೂರುವ ಚಾರ್ಜರು. ಜೊತೆಗೆ ಹನ್ನೆರಡು ಭಾಷೆಯ ಒಂದು ಪುಸ್ತಕ. ಭಾವ ಎರಡು ದಿನ ಆ ಪುಸ್ತಕ ಓದಿದರು. ಅಕ್ಕ ಬಂದು, ಶನಿವಾರ ಏನು ದಿನ ಗೊತ್ತಲ್ಲ, ಮರೀಬೇಡಿ ಎಂದು ಹೇಳಿದಾಗಲೂ ಅವರು ಅದನ್ನೇ ಓದುತ್ತ ಹೂಂಗುಟ್ಟಿದ್ದರು.

ಶನಿವಾರ ಬೆಳಗ್ಗೆ ಸಮಸ್ಯೆ ಎದುರಾಯಿತು. ಜೂನ್ ತಿಂಗಳ ಪ್ಲಮ್ ತೋಟದಲ್ಲಿ ನೆರಳು ಬಿಟ್ಟರೆ ಇನ್ನೇನೂ ಇಲ್ಲ. ಪ್ಯಾನೆಲನ್ನು ಹೊತ್ತುಕೊಂಡು ಸುತ್ತಿದ ಭಾವನಿಗೆ, ತಗ್ಗು ಗೋಡೆಯ ಆಚೆ, ಚರ್ಚಿನ ಸ್ಮಶಾನದಲ್ಲಿ ಹೊಳೆಯುವ ಬಿಸಿಲು ಕಂಡಿತು. ಅದರಲ್ಲೂ ದೊಡ್ಡಮ್ಮನ ಗಂಡ ಸ್ಪಿರಿದೋನ್ ದೊಡ್ಡಪ್ಪನ ಸಮಾಧಿ ಮೂರು ವರ್ಷದಲ್ಲಿ ಒಂದು ಕಡೆ ಕುಸಿದು, ಪುಸ್ತಕದಲ್ಲಿ ಹೇಳಿದಷ್ಟೇ ಡಿಗ್ರಿಗೆ ದಕ್ಷಿಣಕ್ಕೆ ವಾಲಿತ್ತು. ದೊಡ್ಡಪ್ಪ ಊರಿನ ನಿಜವಾದ ಬಡಗಿ. ಸತ್ತ ಮೇಲೂ ಅಳತೆ ತಪ್ಪಲಿಲ್ಲ ಎಂದು ಭಾವನಿಗೆ ಕಣ್ಣಲ್ಲಿ ನೀರೇ ಬಂತಂತೆ.

ಪ್ಯಾನೆಲ್ ಬಿಚ್ಚಿ ಚಪ್ಪಡಿಯ ಮೇಲೆ ಹಾಸಿದರು. ಪೆಟ್ಟಿಗೆ, ಚಾರ್ಜರು, ಬ್ಯಾಟರಿಗಳನ್ನು ಶಿಲುಬೆಯ ಕೆಳಗೆ ಜೋಡಿಸಿದರು. ಬ್ಯಾಟರಿಗೆ ನೇರ ಬಿಸಿಲು ತಾಗಬಾರದು ಎಂದು ಪುಸ್ತಕದಲ್ಲಿತ್ತು. ಅಕ್ಕ ಬುತ್ತಿ ಕಟ್ಟಿಕೊಟ್ಟಿದ್ದ ಕಸೂತಿಯ ಟವೆಲನ್ನು ಬಿಚ್ಚಿ ಅವುಗಳ ಮೇಲೆ ಮುಚ್ಚಿದರು. ಟವೆಲ್ಲಿನೊಳಗಿದ್ದ ದುಂಡು ರೊಟ್ಟಿಯನ್ನೂ ಒಂದು ಸೀಸೆ ತ್ಸುಯಿಕವನ್ನೂ ಪಕ್ಕದಲ್ಲಿಟ್ಟರು. ಆ ಪ್ಲಮ್ ಹಣ್ಣಿನ ಸಾರಾಯಿ ಇಲ್ಲದೆ ಭಾವನಿಗೆ ಮಧ್ಯಾಹ್ನ ಆಗುವುದಿಲ್ಲ. ಚಾರ್ಜರಿನಲ್ಲಿ ಹಸಿರು ದೀಪ ಮಿಣಮಿಣ ಎಂದಿತು. ಭಾವ ಸಂತೋಷದಿಂದ ಗೋಡೆ ದಾಟಿ ತೋಟಕ್ಕೆ ಹೋಗಿ, ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಕೂತರು.

ಅದು ಸತ್ತವರ ಶನಿವಾರ. ವರ್ಷದಲ್ಲಿ ಇಂಥ ದಿನ ಹೆಂಗಸರೆಲ್ಲ ಸ್ಮಶಾನಕ್ಕೆ ಬಂದು, ತಮ್ಮ ತಮ್ಮ ಸಮಾಧಿಯ ಮೇಲೆ ಟವೆಲು, ರೊಟ್ಟಿ, ಸಾರಾಯಿ, ದೀಪ ಇಟ್ಟು, ಮಣ್ಣಿನ ಲೋಟಗಳನ್ನು ಒಬ್ಬರಿಗೊಬ್ಬರು ಪೊಮಾನ ಕೊಡುತ್ತಾರೆ. ಹತ್ತು ಗಂಟೆಗೆ ಬಂದ ವೆತೂರಿಯಜ್ಜಿ ಸ್ಪಿರಿದೋನನ ಸಮಾಧಿಯನ್ನು ನೋಡಿದರು. ಟವೆಲು, ರೊಟ್ಟಿ, ಸಾರಾಯಿ, ದೀಪ, ಎಲ್ಲ ಕ್ರಮವಾಗಿ ಇತ್ತು. ಮೇಲೊಂದು ಹೊಸ ಕರಿ ಕಲ್ಲೂ ಹಾಸಿತ್ತು.

"ಇದು ಸ್ಪಿರಿದೋನನಿಗಾ, ಪಾಂತೆಲಿ?" ಎಂದು ಗೋಡೆಯ ಮೇಲಿಂದ ಕೂಗಿದರು.

ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡಿದ್ದ ಭಾವ ಸಮಾಧಿಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು, "ಹೂಂ ಅಜ್ಜಿ, ದೊಡ್ಡಪ್ಪನಿಗೇ!" ಎಂದರು.

"ದೇವರು ಅವನನ್ನ ಕ್ಷಮಿಸಲಿ," ಎಂದು ಅಜ್ಜಿ ಟವೆಲ್ ಸಮೇತ ಒಂದು ಬ್ಯಾಟರಿ ಎತ್ತಿಕೊಂಡರು. ಈ ಮಾತೊಂದನ್ನು ಹೇಳಿಬಿಟ್ಟರೆ ಮುಗಿಯಿತು, ವಸ್ತು ಆ ಲೋಕಕ್ಕೆ ಸಂದ ಹಾಗೆ. ಹಿಂದೆ ನಿಂತಿದ್ದ ಮೂವರೂ ಅದೇ ಮಾತು ಹೇಳಿ ಉಳಿದ ಮೂರನ್ನು ತೆಗೆದುಕೊಂಡರು. ಭಾವ ಗೆರೆ ಮುಗಿಸಿ ಬರುವ ಹೊತ್ತಿಗೆ ಬ್ಯಾಟರಿಗಳಿದ್ದ ಜಾಗದಲ್ಲಿ ಹನ್ನೊಂದು ಮಣ್ಣಿನ ಲೋಟ, ಒಂದು ತಟ್ಟೆ ಗೋಧಿಯ ಸಿಹಿ ಇದ್ದವು. ಪ್ಯಾನೆಲ್ ಮೇಲೆ ಸಾಲಾಗಿ ಒಂಬತ್ತು ಮೇಣದಬತ್ತಿ ಉರಿಯುತ್ತಿದ್ದವು.

ಭಾವ ಪೊಲೀಸ್ ಠಾಣೆಗೆ ಹೋದರು. ಮಾತು ಬಿಟ್ಟಿದ್ದರೂ ಸಾಕ್ಷಿಗೆಂದು ನನ್ನನ್ನು ಕರೆದುಕೊಂಡು ಹೋದರು, ದಾರಿಯುದ್ದಕ್ಕೂ ಮುಖ ಆ ಕಡೆ ತಿರುಗಿಸಿಕೊಂಡು. ಠಾಣೆಯಲ್ಲಿದ್ದ ಒಬ್ಬನೇ ಪೊಲೀಸ್ ಕ್ರಾಚುನ್ ಹೊಸ ಹಾಳೆ ತೆಗೆದ.

"ಎಲ್ಲಿಟ್ಟಿದ್ರಿ?"

"ಸಮಾಧಿ ಮೇಲೆ."

"ಯಾವತ್ತು?"

"ಇವತ್ತು. ಶನಿವಾರ."

"ಬರೀ ಶನಿವಾರಾನಾ?"

ಭಾವ ನನ್ನನ್ನು ನೋಡಿದರು. ನಾನು ಮಾತು ಬಿಟ್ಟವನಾದ್ದರಿಂದ ಸೂರು ನೋಡಿದೆ.

"ಮೇಲೆ ಏನಾದ್ರೂ ಮುಚ್ಚಿದ್ರಾ?"

"ಟವೆಲ್ಲು. ಬ್ಯಾಟರಿ ಕಾಯ್ಬಾರ್ದು ಅಂತ ಪುಸ್ತಕದಲ್ಲಿದೆ."

"ಪಕ್ಕದಲ್ಲಿ?"

"ರೊಟ್ಟಿ. ಒಂಚೂರು ತ್ಸುಯಿಕ. ನನ್ನ ಊಟ ಸ್ವಾಮಿ ಅದು!"

"ದೀಪ?"

"ನಾನು ಹಚ್ಲಿಲ್ಲ. ಅದೇ ಹತ್ಕೊಂಡಿತು."

ಕ್ರಾಚುನ್ ಪೆನ್ನಿಗೆ ಮುಚ್ಚಳ ಹಾಕಿದ. "ನೋಡಿ ಪಾಂತೆಲಿಯವ್ರೇ, ಕೊಟ್ಟಿದ್ದು ನೀವು. ಇದನ್ನ ಕಳ್ಳತನ ಅಂತ ಬರ್ಕೊಂಡ್ರೆ ನಾನು ಮೊದಲು ಹಿಡೀಬೇಕಾದ್ದು ನಮ್ಮತ್ತೇನ. ಅವ್ರೂ ಒಂದು ತಂದು ದೇವರ ಪಟದ ಕೆಳಗೆ ಇಟ್ಟಿದಾರೆ. ಅದನ್ನ ಮುಟ್ಟೋವಷ್ಟು ಅಧಿಕಾರ ಸರ್ಕಾರ ನಂಗೆ ಕೊಟ್ಟಿಲ್ಲ."

ವೆತೂರಿಯಜ್ಜಿಯ ಮನೆಯಲ್ಲಿ ಬ್ಯಾಟರಿ ಆಗಲೇ ಕೆಲಸಕ್ಕೆ ಸೇರಿತ್ತು. ಹೊಸ ಗಿಣ್ಣಿನ ನೀರು ಬಸಿಯಲು ಅದನ್ನು ಹಲಗೆಯ ಮೇಲೆ ಭಾರಕ್ಕೆ ಹೇರಿದ್ದರು.

"ವಾಪಸ್ ಕೊಡೋದಾ?" ಎಂದು ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಸ್ಪಿರಿದೋನ್ ಅಲ್ಲಿ ಒಂದು ಹಲಗೆ ಅರ್ಧಕ್ಕೆ ಕೊಯ್ದಿರ್ತಾನೆ. ಗರಗಸ ಹಾಗೇ ನಿಂತುಬಿಟ್ರೆ ಯಾರನ್ನ ಬೈತಾನೆ? ನನ್ನ!"

ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಸ್ಪಿರಿದೋನನಿಗೆ ಆ ಲೋಕದಲ್ಲಿ ಕರೆಂಟು ಬಂದ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಜನ ಭಾವನ ಮನೆಯ ಮುಂದೆ ನಿಂತರು. ಒಬ್ಬರಿಗೆ ರೇಡಿಯೋ ಪ್ರಿಯನಾದ ತಮ್ಮನಿಗೆ ಒಂದು ವೈರು ಬೇಕು. ಒಬ್ಬರು ಗಡ್ಡ ಹೆರೆಯುವ ಮಿಷನ್ ತಂದು, ನಮ್ಮ ಯಜಮಾನರು ಅರ್ಧ ಗಡ್ಡದಲ್ಲೇ ಹೋದರು, ಇದನ್ನು ಚಾರ್ಜಿಗೆ ಹಾಕಿ ಎಂದರು. ಭಾವ ಎಲ್ಲರಿಗೂ ಅದು ಪೊಮಾನ ಅಲ್ಲ ಎಂದು ಹೇಳಿದರು. ಎಷ್ಟು ವಿನಯ ನೋಡಿ ಎಂದು ಜನ ತಲೆದೂಗಿದರು.

ಆಗ ಕೋಲು ಊರಿಕೊಂಡು ಅಗ್ರಿಪಿನ ದೊಡ್ಡಮ್ಮ ಬಂದರು. ಜನ ದಾರಿ ಬಿಟ್ಟರು. ಮುದುಕಿ ಅಳುತ್ತ ಅಪ್ಪಿಕೊಳ್ಳುತ್ತಾರೆ ಎಂದೇ ಎಲ್ಲರೂ ಕಾದಿದ್ದರು.

"ಐವತ್ತೆರಡು ವರ್ಷ!" ಎಂದರು ದೊಡ್ಡಮ್ಮ. "ಐವತ್ತೆರಡು ವರ್ಷ ಆ ಮನುಷ್ಯ ಬೆಳಗಿಂದ ಸಂಜೆವರ್ಗೂ ಗರಗಸ ಕಿರುಚಿಸಿದ. ನನ್ನ ಜೊತೆ ಕೂತು ನಾಲ್ಕು ಮಾತಾಡ್ಲಿಲ್ಲ. ಸತ್ತಾಗ ಅವನ ಪೆಟ್ಟಿಗೇಲಿ ಒಂದು ಕೈಗರಗಸ ಮಾತ್ರ ಇಟ್ಟು ಕಳ್ಸಿದ್ದೆ. ಅಲ್ಲಾದ್ರೂ ಕೈ ಸೋತು ಸುಮ್ನೆ ಕೂತಿರ್ತಾನೆ, ನಾನು ಹೋದ್ಮೇಲೆ ಪಕ್ಕದಲ್ಲಿ ಕೂತು ಮಾತಾಡ್ಬೋದು ಅಂತ. ಈಗ ನೀನು ಅವನಿಗೆ ನಾಲ್ಕು ಬ್ಯಾಟರಿ ಕೊಟ್ಯಲ್ಲೋ, ಮಂಕೇ!"

ಭಾವ ಬೆವರಿದರು. "ದೊಡ್ಡಮ್ಮ, ಬಡಗಿಗಳು ಕಿವಿಗೆ ಹಾಕೋ ಮುಚ್ಚಳ ಇರತ್ತೆ. ಊಟದ ದಿನ ನಿಮ್ಮ ಹೆಸ್ರಲ್ಲಿ ಒಂದು ಜೊತೆ ಪೊಮಾನ ಕೊಟ್ರೆ..."

"ಕಿವಿ ಮುಚ್ಕೊಂಡ್ರೆ ಅವನ ಮಾತು ಹೇಗೋ ಕೇಳ್ಸತ್ತೆ?"

ಭಾವ ಹನ್ನೆರಡು ಭಾಷೆಯ ಪುಸ್ತಕ ತೆಗೆದು ಹಾಳೆ ತಿರುವತೊಡಗಿದರು. ದೊಡ್ಡಮ್ಮ ಕೋಲು ಎತ್ತಿ ಹೇಳಿದರು. "ಶನಿವಾರದೊಳಗೆ ಮೇಜು ಬೆಂಚು ಆಗ್ಬೇಕು, ಅವನ ಸದ್ದೂ ಅಡಗ್ಬೇಕು. ಆಗ್ಲಿಲ್ಲ ಅಂದ್ರೆ ನಂಗೆ ಊಟಾನೂ ಬೇಡ. ಬರಿಗೈಲಿ ಹೋಗ್ತೀನಿ. ಹೋಗಿ, ಒಂದು ಮೂಲೇಲಿ ನಿಂತಿರ್ತೀನಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ಭಾವನಂತೂ ಅಂದು ತ್ಸುಯಿಕವನ್ನೂ ಮುಟ್ಟಲಿಲ್ಲ.

ಸೋಮವಾರ ಪಾದ್ರಿ ಕೊರ್ನೆಲ್ ಅವರಲ್ಲಿ ಪಂಚಾಯಿತಿ ಆಯಿತು.

"ಕೊಡುವಾಗ ನಿನ್ನ ಮನಸ್ಸಿನಲ್ಲಿ ದಾನದ ಭಾವನೆ ಇತ್ತೇ?" ಎಂದು ಪಾದ್ರಿ ಕೇಳಿದರು.

"ಇರ್ಲಿಲ್ಲ ಫಾದರ್. ಡಿಗ್ರಿ ಬಗ್ಗೆ ಯೋಚ್ನೆ ಇತ್ತು."

"ಹಾಗಾದ್ರೆ ಅದು ಪೊಮಾನವೇ ಅಲ್ಲ," ಎಂದ ಪಾದ್ರಿ, ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ ನಾಲ್ವರು ಹೆಂಗಸರನ್ನು ನೋಡಿ, "ಅಂತ ಹೇಳೋಕೂ ಬರಲ್ಲ," ಎಂದು ಸೇರಿಸಿದರು. ಬಹಳ ಹೊತ್ತು ಗಡ್ಡ ನೀವಿಕೊಂಡು ಕೊನೆಗೆ ದಾರಿ ಹುಡುಕಿದರು. ಹೆಂಗಸರು ಬ್ಯಾಟರಿಗಳನ್ನು ತಮ್ಮ ತಮ್ಮ ಸತ್ತವರ ಹೆಸರಿನಲ್ಲಿ ಪಾಂತೆಲಿಗೇ ಪೊಮಾನ ಕೊಡಬಹುದು. ಪಾಂತೆಲಿ ಬೇಡ ಅನ್ನುವಂತಿಲ್ಲ. ಪೊಮಾನವನ್ನು ಬೇಡ ಅಂದವರು ನಮ್ಮೂರಲ್ಲಿ ಇದುವರೆಗೆ ಯಾರೂ ಇಲ್ಲ.

"ಆಗ ದೊಡ್ಡಪ್ಪನ ಕರೆಂಟು ಹೋಗತ್ತಾ?" ಎಂದು ಭಾವ ಆಸೆಯಿಂದ ಕೇಳಿದರು.

"ಕೊಟ್ಟಿದ್ದು ಎಲ್ಲಿ ಹೋಗತ್ತಪ್ಪಾ? ಅವನದ್ದು ಅವನಿಗೇ ಇರತ್ತೆ. ಇವರ ಸತ್ತವರಿಗೂ ಒಂದೊಂದು ಸಿಗತ್ತೆ, ಅಷ್ಟೇ."

ಒಟ್ಟಿನಲ್ಲಿ ಆ ಲೋಕದಲ್ಲಿ ಈಗ ಬ್ಯಾಟರಿಗಳ ಸಂಖ್ಯೆ ಹೆಚ್ಚಾಯಿತು. ಇದನ್ನು ದೊಡ್ಡಮ್ಮನಿಗೆ ಹೇಳುವುದು ಬೇಡ ಎಂದು ಎಲ್ಲರೂ ಒಪ್ಪಿದರು.

ಮೂರು ಬ್ಯಾಟರಿ ಬಂದವು. ನಾಲ್ಕನೆಯದು ಆಗಲೇ ಒಬ್ಬರ ಮಗಳ ಜೊತೆ ಬಸ್ಸು ಹತ್ತಿ ಹೋಗಿತ್ತು. ಆದರೆ ಬಂದವು ಸುಮ್ಮನೆ ಬರಲಿಲ್ಲ. ವೆತೂರಿಯಜ್ಜಿ ತಮ್ಮ ಗಂಡ ತ್ರಿಫೋನನ ಹೆಸರಿನಲ್ಲಿ ಕೊಡುತ್ತ, "ಅವ್ರು ಮಧ್ಯಾಹ್ನಕ್ಕೆ ಮುಂಚೆ ಯಾವತ್ತೂ ಕೆಲಸ ಮುಟ್ಟಿದವರಲ್ಲ. ಇದನ್ನೂ ಮುಟ್ಟಿಸ್ಬೇಡ" ಎಂದರು. ಪೊಲೀಸ್ ಕ್ರಾಚುನನ ಅತ್ತೆ ತಮ್ಮ ಅಕ್ಕನ ಹೆಸರಿನಲ್ಲಿ ಕೊಟ್ಟರು. ಆ ಅಕ್ಕನಿಗೆ ಗದ್ದಲ ಆಗುತ್ತಿರಲಿಲ್ಲವಾದ್ದರಿಂದ ಬ್ಯಾಟರಿಯನ್ನು ಡ್ರಿಲ್ಲಿಗೆ ಹಾಕಬಹುದು, ಗರಗಸಕ್ಕೆ ಕೂಡದು. ಮೂರನೆಯದು ಗಿಟಾನ್ ಎಂಬ ಮುದುಕನ ಹೆಸರಿನದು. ಅವನಿಗೂ ತ್ರಿಫೋನನಿಗೂ ಬೇಲಿಯ ವಿಷಯಕ್ಕೆ ಮೂವತ್ತು ವರ್ಷ ಕೋರ್ಟು ನಡೆದಿತ್ತು. ಅವರಿಬ್ಬರ ಬ್ಯಾಟರಿಗಳನ್ನು ಒಂದೇ ಚಾರ್ಜರಿನಲ್ಲಿ ಅಕ್ಕಪಕ್ಕ ಕೂರಿಸುವಂತಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೂಂ ಎಂದು ಮನೆಗೆ ತಂದು ಬೇಕಾದ ಹಾಗೆ ಮಾಡಿಕೊಳ್ಳುತ್ತಿದ್ದರು. ನಮ್ಮ ಭಾವ ಮೂವತ್ತೆಂಟು ವರ್ಷ ರೈಲ್ವೆಯ ನಿಯಮ ಪಾಲಿಸಿದವರು. ಒಂದು ಹಲಗೆಯ ಮೇಲೆ ವೇಳಾಪಟ್ಟಿ ಬರೆದು ಮರಕ್ಕೆ ಹೊಡೆದರು. ಮಂಗಳವಾರ ಬೆಳಗ್ಗೆ ಪ್ಯಾನೆಲ್ ಮೇಲಿನ ಮೇಣ ಕೆರೆದರು, ಮಧ್ಯಾಹ್ನ ತ್ರಿಫೋನನಿಗೆ ಕಾದರು, ಅವನನ್ನು ಚಾರ್ಜರಿನಿಂದ ತೆಗೆದು ಗಿಟಾನನನ್ನು ಕೂರಿಸಿದರು, ನಡುವೆ ಕ್ರಾಚುನನ ಅತ್ತೆಯ ಅಕ್ಕನಿಂದ ನಾಲ್ಕು ತೂತು ಕೊರೆದರು. ಸಂಜೆಗೆ ಒಂದೂವರೆ ಮೇಜು ಆಗಿತ್ತು. ಬುಧವಾರ ಮಳೆ ಹಿಡಿಯಿತು. ಗುರುವಾರವೂ ಬಿಡಲಿಲ್ಲ. ಕೈಗರಗಸ ಹಿಡಿಯೋಣವೆಂದರೆ ಭಾವನ ಬಲಭುಜ ಹತ್ತು ವರ್ಷದಿಂದ ಮೇಲೇಳುವುದಿಲ್ಲ.

ಗುರುವಾರ ಹತ್ತು ಗಂಟೆಗೆ ಅಕ್ಕ ಮಳೆಯಲ್ಲಿ ನೆನೆದುಕೊಂಡು ನಮ್ಮ ಮನೆಗೆ ಬಂದಳು.

"ತೋಟದಲ್ಲಿ ಕೂತಿದಾರೆ ಕಣೋ. ಆ ಪೆಟ್ಟಿಗೆಗೆ ಛತ್ರಿ ಹಿಡ್ಕೊಂಡು ತಾವು ನೆನೀತಿದಾರೆ. ಹನ್ನೆರಡು ಬೆಂಚು ಆಗ್ಬೇಕು, ಒಂದೂ ಆಗಿಲ್ಲ."

"ಬಂದು ಕೇಳ್ಲಿ, ಕೊಡ್ತೀನಿ," ಎಂದೆ.

"ಅವರು ಕೇಳಲ್ಲ. ನೀನಾಗಿ ಕೊಟ್ರೂ ತಗೊಳಲ್ಲ. ನಿಮ್ಮಿಬ್ಬರ ಮೀಸೆ ಉಳೀಲಿ ಅಂತ ಆ ಮುದುಕಿ ಮೊಣಕಾಲು ಹಿಡ್ಕೊಂಡು ಲೋಕ ಮುಗಿಯೋವರ್ಗೂ ನಿಂತಿರ್ಬೇಕಾ, ಸಾಂದು?"

ಅಕ್ಕ ಅತ್ತುಬಿಟ್ಟಳು. ನನಗೆ ನಾಚಿಕೆಯಾಯಿತು. ನನ್ನ ಒಂದು ಮಾತಿನಿಂದಲೇ ಇದೆಲ್ಲ ಶುರುವಾದದ್ದು. ಗೇಟಿನ ಮೇಲೆ ನೇತಾಡುತ್ತಿದ್ದ ವೈರನ್ನು ನೋಡಿದೆ. ಆಮೇಲೆ ಅಕ್ಕನಿಗೆ, "ಒಂದು ಒಳ್ಳೇ ಟವೆಲ್ ಕೊಡು," ಎಂದೆ.

ವೈರಿನ ಒಂದು ತುದಿಯನ್ನು ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಿ, ಇನ್ನೊಂದು ತುದಿಯ ಬೋರ್ಡಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಟವೆಲ್ ಹೊದಿಸಿ ತೋಟಕ್ಕೆ ತೆಗೆದುಕೊಂಡು ಹೋದೆ. ಅಕ್ಕ ಪಕ್ಕದಲ್ಲಿ ಮೇಣದಬತ್ತಿಗೆ ಕೈ ಅಡ್ಡ ಹಿಡಿದು ಬಂದಳು. ಟಾರ್ಪಾಲಿನ ಕೆಳಗೆ ಕೂತಿದ್ದ ಭಾವ ನನ್ನನ್ನು ನೋಡಿ ಮುಖ ತಿರುಗಿಸಿದರು. ನಾನು ಎರಡೂ ಕೈಯಲ್ಲಿ ಟವೆಲನ್ನು ಮುಂದೆ ಚಾಚಿದೆ.

"ನಮ್ಮಪ್ಪ ಔರೆಲಿಯನ್ ಆತ್ಮಕ್ಕೆ ಸಲ್ಲಲಿ."

ಭಾವ ಟವೆಲ್ ನೋಡಿದರು. ಬತ್ತಿ ನೋಡಿದರು. ಟವೆಲ್ಲಿನ ಹಿಂದೆ ಬಾಲದ ಹಾಗೆ ನಮ್ಮ ಮನೆಯವರೆಗೂ ಹೋಗಿದ್ದ ವೈರು ನೋಡಿದರು. ಮಾವನ ಹೆಸರಿನ ಪೊಮಾನ. ಬೇಡ ಅನ್ನುವಂತಿಲ್ಲ.

"ದೇವರು ಅವರನ್ನ ಕ್ಷಮಿಸಲಿ," ಎಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ನೆಲ ನೋಡುತ್ತ, "ಸಾಂದು, ವೈರಿನ ಹಳೇ ಗರಗಸ ಮನೇಲಿದೆ. ಓಡಿಹೋಗಿ ತಗೊಂಡ್ ಬಾ," ಎಂದರು.

ಅಕ್ಕ ಮಾತ್ರ ಬತ್ತಿ ಹಿಡಿದು ಅಲ್ಲೇ ನಿಂತಿದ್ದಳು. "ಕತ್ತಲಲ್ಲಿ ಇರ್ತಿದ್ರು ಕಣೋ ಅಪ್ಪ," ಎಂದಳು. "ಈಗ ಬೆಳಕು ಬಂತು."

ಶುಕ್ರವಾರ ಸಂಜೆಗೆ ಆರು ಮೇಜು, ಹನ್ನೆರಡು ಬೆಂಚು ನಿಂತವು. ಒಂದು ಬೆಂಚು ಒಂಚೂರು ಕುಂಟುತ್ತಿತ್ತು, ಅದರ ಕಾಲಿನ ಕೆಳಗೆ ಗಿಟಾನನನ್ನು ಕೊಟ್ಟೆವು. ಶನಿವಾರ ಬಿಸಿಲು ಬಂತು. ಅರವತ್ತು ಜನ ಕೂತರು. ಕೋಸಿನೆಲೆಯಲ್ಲಿ ಸುತ್ತಿದ ಸಾರ್ಮಲೆ ಹಬೆಯಾಡುತ್ತ ಬಂತು. ಮೇಜಿನ ತುದಿಯಲ್ಲಿ ಅಗ್ರಿಪಿನ ದೊಡ್ಡಮ್ಮ ಬೆಂಚನ್ನು ಕೈಯಿಂದ ಅದುಮಿ ಪರೀಕ್ಷಿಸಿ, ಕೂತು, ಮೊಣಕಾಲು ಚಾಚಿಕೊಂಡರು. ಆದರೆ ಚಮಚ ಎತ್ತಲಿಲ್ಲ.

"ಕೂರೋದು ಆಯ್ತು," ಎಂದರು. "ಅವನ ಸದ್ದಿಗೆ ಏನ್ ಮಾಡ್ದೆ?"

ಭಾವ ಏನೂ ಮಾಡಿರಲಿಲ್ಲ. ತಪ್ಪು ಒಪ್ಪಿಕೊಳ್ಳುವವರ ಹಾಗೆ ಹೇಳಿದರು. "ದೊಡ್ಡಮ್ಮ, ಸದ್ದು ಜಾಸ್ತೀನೇ ಆಗಿರ್ಬೇಕು. ಬ್ಯಾಟರಿ ಸಾಲದು ಅಂತ ಸಾಂದು ಮನೆ ಕರೆಂಟೂ ಅಲ್ಲಿಗೆ ಹೋಗಿದೆ."

"ಯಾರ ಹೆಸ್ರಲ್ಲಿ ಕೊಟ್ಟ?"

"ನಮ್ಮ ಮಾವನ ಹೆಸ್ರಲ್ಲಿ."

"ಔರೆಲಿಯನ್‌ಗಾ?" ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನನ್ನ ಮದುವೆ ಮನೇಲಿ ಕುಣಿತ ನಡೀತಿರೋವಾಗ್ಲೇ, ಸುಮ್ನೆ ಕರೆಂಟು ದಂಡ ಅಂತ ದೀಪ ಆರ್ಸಿದ್ನಲ್ಲ, ಆ ಔರೆಲಿಯನ್‌ಗಾ?"

"ಅವರಿಗೇ ದೊಡ್ಡಮ್ಮ."

"ಅಲ್ಲಿ ಮೇನ್ ಸ್ವಿಚ್ಚು ಈಗ ಅವನ ಕೈಲಾ?"

"ಹಾಗೇ ಇರ್ಬೇಕು."

ದೊಡ್ಡಮ್ಮ ಆಕಾಶ ನೋಡಿದರು. ಆಮೇಲೆ ಭುಜ ಕುಲುಕಿಸಿಕೊಂಡು ನಗತೊಡಗಿದರು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ಸ್ಪಿರಿದೋನ್ ಒಂದು ಹಲಗೆ ಮುಗಿಸೋ ಹಾಗಿಲ್ಲ ಬಿಡು. ಕೂತಿರ್ತಾನೆ. ಮಾತಾಡೋಕೆ ಬೇಕಾದಷ್ಟು ಹೊತ್ತಿರತ್ತೆ." ಚಮಚ ಎತ್ತಿಕೊಂಡರು. "ಇನ್ನೆರಡು ಸಾರ್ಮಲೆ ಹಾಕು ಸವೇತ. ನಂಗೇನೂ ಅವಸರ ಇಲ್ಲ."

ವೈರು ಈಗಲೂ ಗೋಡೆಯ ಮೇಲೆ ಹಾಗೇ ಇದೆ. ಪೊಮಾನ ಕೊಟ್ಟಿದ್ದನ್ನು ವಾಪಸ್ ಕೇಳುವಂತಿಲ್ಲ, ಆದ್ದರಿಂದ ಭಾವ ಅದರಿಂದಲೇ ಊರಿಗೆಲ್ಲ ಬೆಂಚು ಮಾಡಿಕೊಡುತ್ತಿದ್ದಾರೆ. ಗೋಡೆಯಾಚೆ ಗರಗಸ ಕಿರುಚಿದಾಗ ನಾನು ಮೀಟರಿನ ತನಕ ಹೋಗುತ್ತೇನೆ. ಕೈ ಸ್ವಿಚ್ಚಿನವರೆಗೂ ಏಳುತ್ತದೆ. ಇದು ಅಪ್ಪನ ಕರೆಂಟು, ಬೇಡ ಅನ್ನಿಸಿದರೆ ಅವರೇ ಆರಿಸಲಿ ಎಂದುಕೊಂಡು ಕೈ ಇಳಿಸುತ್ತೇನೆ. ಇದುವರೆಗೆ ಅವರು ಆರಿಸಿಲ್ಲ.